ಚುಕ್ಕಿ ಕೆಳಗಿನ ಸಾಲಿಗೆ ಓಡಿಹೋಗಿದ್ದು ನನ್ನ ತಪ್ಪಲ್ಲ

ಪುಸ್ತಕಗಳ ಪುಟ ಕಟ್ಟೋದು ನನ್ನ ಕೆಲಸ. ಪ್ರೂಫ್ ಕಳಿಸಿದ ಮಾರನೇ ದಿನ ಫೋನ್ ಬಂತು ಅಂದ್ರೆ ವಿಷಯ ಗೊತ್ತೇ ಇರುತ್ತೆ, "ಸಾಲಿನ ಶುರುವಲ್ಲಿ ಬರೀ ಒಂದು ಚುಕ್ಕಿ ಕೂತಿದೆಯಲ್ರೀ, ನಿಮ್ ಸಾಫ್ಟ್‌ವೇರ್ ಕೆಟ್ಟಿದೆಯಾ?"

ಕೆಟ್ಟಿಲ್ಲ ಸ್ವಾಮಿ. ನೀವು ಪದ ಬರೆದು, ಸ್ಪೇಸ್ ಹೊಡೆದು, ಆಮೇಲೆ ಪೂರ್ಣವಿರಾಮ ಇಟ್ಟಿದ್ದೀರಿ. ಸ್ಪೇಸ್ ಅಂದ್ರೆ ಬರೀ ಖಾಲಿ ಜಾಗ ಅಲ್ಲ, ಜಾಗ ಸಾಲದಿದ್ರೆ ಸಾಲನ್ನ ಇಲ್ಲೇ ಮುರಿ ಅಂತ ಕೊಟ್ಟಿರೋ ಅನುಮತಿ. ಕೆಲವು ಪ್ರೋಗ್ರಾಂಗಳು ಚುಕ್ಕಿನ ಒಂಟಿಯಾಗಿ ಬಿಡದೆ ಕಾಯ್ತವೆ, ಎಲ್ಲವೂ ಕಾಯಲ್ಲ, ಅದನ್ನ ನಂಬ್ಕೊಂಡು ಟೈಪ್ ಮಾಡ್ಬೇಡಿ. ಚುಕ್ಕಿ ಪದಕ್ಕೆ ಅಂಟಿರ್ಬೇಕು, ಸ್ಪೇಸ್ ಆಮೇಲೆ. ಫ್ರೆಂಚರು ಪ್ರಶ್ನೆ ಗುರುತಿಗೆ ಮುಂಚೆ ಜಾಗ ಬಿಡ್ತಾರಲ್ಲ ಅಂತ ಒಬ್ರು ವಾದ ಮಾಡಿದ್ರು, ನಿಜ, ಆದ್ರೆ ಸರಿಯಾಗಿ ಜೋಡಿಸೋರು ಅಲ್ಲಿ ಹಾಕೋದು ಸಾಲು ಮುರಿಯೋಕೆ ಬಿಡದಿರೋ ಬೇರೆ ಜಾತಿಯ ಸ್ಪೇಸು.

ಇನ್ನು ಕೆಲವರು ಇದರ ಉಲ್ಟಾ, ಚುಕ್ಕಿ ಆದ್ಮೇಲೆ ಜಾಗನೇ ಬಿಡಲ್ಲ. "ಹೊರಟುಹೋದರು.ಅಷ್ಟರಲ್ಲಾಗಲೇ" ಅಂತ ಬರೆದ್ರೆ ಕಂಪ್ಯೂಟರ್‌ಗೆ ಅದು ಒಂದೇ ಪದ. ಕನ್ನಡ ಪದಗಳು ಮೊದಲೇ ಉದ್ದ, ಎರಡು ಅಂಟ್ಕೊಂಡ್ರೆ ಇಡೀ ಗಂಟು ಮುಂದಿನ ಸಾಲಿಗೆ ಜಿಗಿಯುತ್ತೆ, ಜಸ್ಟಿಫೈ ಮಾಡಿದ್ರೆ, ಅಂದ್ರೆ ಎರಡೂ ಅಂಚು ಸಮವಾಗೋ ಹಾಗೆ ಸಾಲು ಎಳೆದ್ರೆ, ಮೇಲಿನ ಸಾಲು ಹಲ್ಲುದುರಿದ ಬಾಯಿ ಥರ ಕಾಣುತ್ತೆ.

ವಾಕ್ಯದ ಕೊನೆಗೆ ಎರಡು ಸ್ಪೇಸ್ ಹೊಡೆಯೋರ ಮೇಲೆ ಮಾತ್ರ ನನಗೆ ಸಿಟ್ಟು ಬರಲ್ಲ. ಅವರಲ್ಲಿ ಹೆಚ್ಚಿನೋರು ಟೈಪ್‌ರೈಟರ್‌ನಲ್ಲಿ ಕಲಿತೋರು, ಅಲ್ಲಿ ಎಲ್ಲಾ ಅಕ್ಷರಕ್ಕೂ ಒಂದೇ ಅಗಲ, ವಾಕ್ಯ ಎಲ್ಲಿ ಮುಗೀತು ಅಂತ ಕಣ್ಣಿಗೆ ಕಾಣ್ಲಿ ಅಂತ ಎರಡು ಸಲ ಒತ್ತೋಕೆ ಹೇಳಿಕೊಡ್ತಿದ್ರು. ಒಬ್ಬ ನಿವೃತ್ತ ಮೇಷ್ಟ್ರಿಗೆ ಎಷ್ಟು ಸಲ ಹೇಳಿದ್ರೂ "ತಲೆಗೆ ಗೊತ್ತಾಯ್ತಪ್ಪಾ, ಹೆಬ್ಬೆರಳಿಗೆ ನೀನೇ ಹೇಳು" ಅಂತ ನಗ್ತಿದ್ರು. ಅವರ ಫೈಲ್ ಬಂದ್ರೆ ಸುಮ್ನೆ ನಾನೇ ಸರಿ ಮಾಡ್ಕೋತಿದ್ದೆ. ಈಗಂತೂ ಮೈಕ್ರೋಸಾಫ್ಟ್ ವರ್ಡ್ 2020ರಿಂದ ಇಂಗ್ಲಿಷ್‌ನಲ್ಲಿ ಎರಡು ಸ್ಪೇಸನ್ನ ತಪ್ಪು ಅಂತಾನೇ ಗುರುತು ಮಾಡುತ್ತೆ, ವೆಬ್ ಪುಟಗಳು ಸಾಮಾನ್ಯವಾಗಿ ಹತ್ತು ಹೊಡೆದ್ರೂ ಒಂದೇ ತೋರಿಸ್ತವೆ.

ಹುಡುಕಿ ಬದಲಾಯಿಸೋ ಫೈಂಡ್ ರಿಪ್ಲೇಸ್‌ನಲ್ಲಿ ಎರಡನ್ನ ಒಂದು ಮಾಡೋದು ಸುಲಭ, ಇನ್ನೇನೂ ಸಿಗಲ್ಲ ಅನ್ನೋವರೆಗೂ ಒತ್ತಿ. ಆದ್ರೆ ಮೊದಲು ಕಾಪಿ ಇಟ್ಕೊಳ್ಳಿ. ಕವನದ ಸಾಲುಗಳನ್ನೋ ಪಟ್ಟಿಗಳನ್ನೋ ಸ್ಪೇಸ್ ಹೊಡೆದೇ ಜೋಡಿಸಿದ್ರೆ ಅವೆಲ್ಲಾ ಎಡಕ್ಕೆ ಕುಸಿದುಬೀಳ್ತವೆ, ಆಮೇಲೆ ಮತ್ತೆ ನನಗೇ ಫೋನ್.