ಕೈಗೆ ಎಟುಕದ್ದನ್ನು ಮಾತ್ರ ಪರದೆಗೆ ಬಿಡಿ

ಮಗುವಿಗೆ ಮನೆಯಲ್ಲೇ ಕಲಿಸುತ್ತೇವೆಂದು ನನ್ನ ಬಳಿ ಬರುವ ತಂದೆ ತಾಯಂದಿರು ಮೊದಲು ಮೊಬೈಲ್ ತೆಗೆಯುತ್ತಾರೆ. ಆರಿಸಿಟ್ಟ ಹತ್ತಾರು ವಿಡಿಯೊಗಳನ್ನು ತೋರಿಸಿ ಸಾಕೇ ಎಂದು ಕೇಳುತ್ತಾರೆ. ಮೂರು ವಾರ ಮಗು ಮುಟ್ಟಿ, ಎತ್ತಿ, ಉಜ್ಜಿ ನೋಡುವ ವಸ್ತು ಯಾವುದೆಂದು ನಾನು ಕೇಳುತ್ತೇನೆ. ಹೆಚ್ಚಿನವರು ಅದನ್ನು ಯೋಚಿಸಿರುವುದಿಲ್ಲ.

ರಾಯಚೂರಿನವರಿಗೆ ನಾನು ಸೂಚಿಸುವ ಮೊದಲ ವಿಷಯ ಕಲ್ಲು. ಅದೊಂದರ ಸುತ್ತಲೇ ಭಾಷೆ, ಲೆಕ್ಕ, ವಿಜ್ಞಾನ, ಚರಿತ್ರೆ ಎಲ್ಲವನ್ನೂ ಹೆಣೆಯಬಹುದು.

ಒಂದು ಮನೆಯಲ್ಲಿ ಆರು ವರ್ಷದ ಹುಡುಗಿ ಅಜ್ಜಿಯ ಬೀಸುಕಲ್ಲಿನಿಂದ ಆರಂಭಿಸಿದಳು. ಮೊದಲ ಎರಡು ದಿನ ಜೋಳ ಬೀಸಿದ್ದಷ್ಟೇ. ಮೂರನೆಯ ದಿನ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲಿನ ಒಂದು ಚೂರನ್ನು ಕುಟ್ಟಿ ಪುಡಿ ಮಾಡಿ, ನಿಂಬೆರಸ ಹಿಂಡಲು ಹೇಳಿದೆ. ಸಣ್ಣ ಗುಳ್ಳೆಗಳೆದ್ದವು. ಅಂಗಳದ ಕರಿಕಲ್ಲಿನ ಪುಡಿಗೂ ಹಿಂಡಿದಳು, ಅದು ಸುಮ್ಮನಿತ್ತು. "ಅಜ್ಜಿ, ಇದಕ್ಕೆ ಹುಳಿ ತಾಕಲಿಲ್ಲವೇ?" ಎಂದಳು. ಶಹಾಬಾದ್ ಕಲ್ಲು ಸುಣ್ಣಕಲ್ಲು, ಅದರಲ್ಲಿನ ಸುಣ್ಣದ ಅಂಶಕ್ಕೆ ಹುಳಿ ತಗುಲಿದರೆ ಅನಿಲ ಹೊರಡುತ್ತದೆ. ಇದನ್ನು ವಿವರಿಸುವ ವಿಡಿಯೊಗಳಿವೆ. ಆದರೆ ಅವನ್ನು ಮೊದಲೇ ತೋರಿಸಿದ ಮನೆಗಳಲ್ಲಿ ಮಕ್ಕಳು ನಿಂಬೆಹಣ್ಣನ್ನು ಮುಟ್ಟಲೂ ಬೇಸರಪಟ್ಟಿದ್ದನ್ನು ನಾನು ಕಂಡಿದ್ದೇನೆ. ಪ್ರಶ್ನೆ ಹುಟ್ಟುವ ಮೊದಲೇ ಅವರಿಗೆ ಉತ್ತರ ಸಿಕ್ಕಿಬಿಟ್ಟಿತ್ತು.

ಎರಡನೆಯ ವಾರ ರಾಯಚೂರು ಕೋಟೆ. 1294ರ ಶಾಸನವಿರುವ ಅಲ್ಲಿನ ಬಂಡೆ ಸುಮಾರು 41 ಅಡಿ ಉದ್ದ. ಅಷ್ಟು ದೊಡ್ಡ ಬಂಡೆಯನ್ನು ಬಂಡಿಯಲ್ಲಿ ಸಾಗಿಸಿದ ಬಗೆಯನ್ನು ಗೋಡೆಯ ಮೇಲೆಯೇ ಕೊರೆದಿದ್ದಾರೆ. ಹೋಗುವ ಮೊದಲು ಬೀದಿಯಲ್ಲಿ 41 ಅಡಿ ಹಗ್ಗವನ್ನು ಅಳೆದು ಹಾಸಿರಿ. ಹುಡುಗಿಯ ಮನೆಯ ಹೊಸ್ತಿಲಿನಿಂದ ಹಿಡಿದ ಹಗ್ಗ ಪಕ್ಕದ ಮನೆಯ ಬೇವಿನ ಮರ ದಾಟಿತು. ಮನೆಗೆ ಬಂದ ಮೇಲೆ ಒಂದು ಇಟ್ಟಿಗೆಗೆ ಹುರಿ ಕಟ್ಟಿ ಎಳೆಯಲು ಹೇಳಿ, ಬಳಿಕ ಅದರಡಿ ನಾಲ್ಕು ದುಂಡು ಪೆನ್ಸಿಲ್ ಇಟ್ಟು ಎಳೆಸಿರಿ. ವ್ಯತ್ಯಾಸ ತೋಳಿಗೇ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಬೆಳಗಿನ ಏಳು ಗಂಟೆಯೊಳಗೆ ಕೋಟೆಗೆ ಹೋಗಿ, ಆಮೇಲೆ ಆ ಕಲ್ಲುಗಳ ಬಳಿ ನಿಲ್ಲಲಾಗದು.

ಪರದೆಗೆ ನಾನು ಜಾಗ ಕೊಡುವುದು ಮೂರನೆಯ ವಾರದಲ್ಲಿ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯೊಳಕ್ಕೆ ಆರು ವರ್ಷದ ಮಗುವನ್ನು ಇಳಿಸಲಾಗದು. ನೆಲದಾಳದಲ್ಲಿ ಅದಿರು ಒಡೆಯುವುದನ್ನು, ಅದನ್ನು ನುಣ್ಣಗೆ ಅರೆಯುವುದನ್ನು ವಿಡಿಯೊದಲ್ಲೇ ನೋಡಬೇಕು. ಬೀಸುಕಲ್ಲು ತಿರುಗಿಸಿದ ಮಗುವಿಗೆ ಅರೆಯುವ ಯಂತ್ರ ಕೂಡಲೇ ಅರ್ಥವಾಗುತ್ತದೆ. ನೀವು ಮೊದಲೇ ನೋಡಿ, ಬೇಕಾದ ಹತ್ತು ನಿಮಿಷದ ಭಾಗವನ್ನು ಇಳಿಸಿಟ್ಟುಕೊಳ್ಳಿ. ಒಂದು ಮುಗಿದೊಡನೆ ಇನ್ನೊಂದು ತಾನಾಗಿ ಶುರುವಾಗುವ ಸೌಲಭ್ಯವನ್ನು ತಪ್ಪದೆ ಬಂದ್ ಮಾಡಿ. ಸರ್ಕಾರಿ ಪಠ್ಯಪುಸ್ತಕಗಳ ಕ್ಯೂಆರ್ ಕೋಡ್ ಮೂಲಕ ದೀಕ್ಷಾ ಆ್ಯಪ್‌ನ ಪಾಠಗಳು ಉಚಿತವಾಗಿ ಸಿಗುತ್ತವೆ. ಮೂರು, ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ 1 ಗಂಟೆಗಿಂತ ಹೆಚ್ಚು ಪರದೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು.

ಪರೀಕ್ಷೆಯ ಚಿಂತೆ ಎಲ್ಲರಿಗೂ ಇರುತ್ತದೆ. ಶಾಲೆಗೆ ಹೋಗದೆಯೂ ಪರೀಕ್ಷೆ ಬರೆಯಲು ಅವಕಾಶ ಕೊಡುವ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ 10ನೇ ತರಗತಿಗೆ ಹೆಸರು ನೋಂದಾಯಿಸಲು 14 ವರ್ಷ ತುಂಬಿರಬೇಕು. ಆರರ ಮಗುವಿಗೆ ಅವಸರವಿಲ್ಲ.

ಗಣಿಯ ವಿಡಿಯೊ ನೋಡಿದ ಮರುದಿನ ಆ ಹುಡುಗಿ ಅಂಗಳದಿಂದ ಮಿನುಗುವ ಕಲ್ಲೊಂದನ್ನು ತಂದು ನನ್ನ ಕೈಗಿಟ್ಟು, ಇದರಲ್ಲೂ ಚಿನ್ನವಿದೆಯೇ ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ, "ಅದು ಕಾಗೆಬಂಗಾರ, ಮಗಳೇ" ಎಂದರು. ಕಾಗೆಗೂ ಬಂಗಾರಕ್ಕೂ ಏನು ಸಂಬಂಧವೆಂದು ಅವಳು ಅಜ್ಜಿಯ ಸೆರಗು ಹಿಡಿದು ಕುಳಿತಳು. ನಾನು ಭೂತಗನ್ನಡಿಯನ್ನು ಅಲ್ಲಿಯೇ ಬಿಟ್ಟು ಬಂದೆ.