ದೇಶದ ಬದಲು ಮನುಷ್ಯನ ಮೇಲೆ ನಿರ್ಬಂಧ: ಮ್ಯಾಗ್ನಿಟ್ಸ್ಕಿ ಕಾನೂನು ಬಂದ ದಾರಿ

2007ರ ಡಿಸೆಂಬರ್ 24ರಂದು ಮಾಸ್ಕೋದ ತೆರಿಗೆ ಅಧಿಕಾರಿಗಳು ಒಂದೇ ದಿನದಲ್ಲಿ 540 ಕೋಟಿ ರೂಬಲ್ ರೀಫಂಡ್ ಮಂಜೂರು ಮಾಡಿದರು. ಡಾಲರ್ ಲೆಕ್ಕದಲ್ಲಿ ಸುಮಾರು 23 ಕೋಟಿ. ನಾಲ್ಕೈದು ಸಾವಿರ ರೂಪಾಯಿ ರೀಫಂಡ್‌ಗೆ ತಿಂಗಳುಗಟ್ಟಲೆ ಪೋರ್ಟಲ್ ನೋಡುತ್ತಾ ಕೂರುವ ನಮಗೆ ಈ ವೇಗ ಏನೆಂದು ಬೇರೆ ಹೇಳಬೇಕಿಲ್ಲ, ಅಲ್ವಾ?

ಹಣ ಕೇಳಿದ್ದ ಮೂರು ಕಂಪನಿಗಳು ಮೂಲದಲ್ಲಿ ಹರ್ಮಿಟೇಜ್ ಕ್ಯಾಪಿಟಲ್ ಎಂಬ ಹೂಡಿಕೆ ಸಂಸ್ಥೆಯವು. ಅದರ ಒಡೆಯ ಬಿಲ್ ಬ್ರೌಡರ್‌ಗೆ ರಷ್ಯಾ 2005ರಲ್ಲೇ ಬಾಗಿಲು ಮುಚ್ಚಿತ್ತು. 2007ರ ಜೂನ್‌ನಲ್ಲಿ ಪೊಲೀಸರು ದಾಳಿ ಮಾಡಿ ಕಂಪನಿಗಳ ಮೊಹರು, ಕಾಗದಪತ್ರ ಎಲ್ಲ ಹೊತ್ತೊಯ್ದರು. ಆಮೇಲೆ ನೋಡಿದರೆ ಕಂಪನಿಗಳು ಬೇರೆ ಯಾರದೋ ಹೆಸರಿನಲ್ಲಿದ್ದವು, ಆ ರೀಫಂಡ್ ಕೇಳಿದ್ದೂ ಅವರೇ. ಈ ಗಂಟನ್ನು ಬಿಡಿಸಲು ಹೊರಟವರು ಬ್ರೌಡರ್‌ಗೆ ತೆರಿಗೆ ಸಲಹೆ ಕೊಡುತ್ತಿದ್ದ ಸೆರ್ಗೆಯ್ ಮ್ಯಾಗ್ನಿಟ್ಸ್ಕಿ. ಪೊಲೀಸ್ ಅಧಿಕಾರಿಗಳ ಹೆಸರು ಹೇಳಿ ಹೇಳಿಕೆ ಕೊಟ್ಟರು. 2008ರ ನವೆಂಬರ್‌ನಲ್ಲಿ ಅವರನ್ನೇ ತೆರಿಗೆ ವಂಚನೆ ಆರೋಪದ ಮೇಲೆ ಹಿಡಿದು ಒಳಗೆ ಹಾಕಿದರು.

ಜೈಲಿನಲ್ಲಿ ಮೇದೋಜೀರಕದ ಉರಿಯೂತ, ಪಿತ್ತಕೋಶದಲ್ಲಿ ಕಲ್ಲು. ಚಿಕಿತ್ಸೆ ಕೊಡಿ ಎಂದು ಅರ್ಜಿ ಮೇಲೆ ಅರ್ಜಿ ಬರೆದರು. 2009ರ ನವೆಂಬರ್ 16ರಂದು ಆಸ್ಪತ್ರೆ ಇರುವ ಇನ್ನೊಂದು ಜೈಲಿಗೆ ಸಾಗಿಸಿ, ಅಲ್ಲಿ ಒಂಟಿ ಕೋಣೆಗೆ ಹಾಕಿದರು. ತುರ್ತು ವೈದ್ಯರು ಹೊರಗೆ ಒಂದು ಗಂಟೆಗೂ ಹೆಚ್ಚು ಹೊತ್ತು ಕಾಯಬೇಕಾಯಿತು. ಒಳಗೆ ಹೋದಾಗ ಜೀವ ಇರಲಿಲ್ಲ. ವಯಸ್ಸು 37. ಲಾಠಿಯಿಂದ ಹೊಡೆದಿದ್ದಾರೆಂಬ ಶಂಕೆಯನ್ನು ರಷ್ಯಾ ಅಧ್ಯಕ್ಷರದೇ ಮಾನವ ಹಕ್ಕು ಮಂಡಳಿ 2011ರಲ್ಲಿ ಎತ್ತಿತು. 2013ರಲ್ಲಿ ಮಾಸ್ಕೋ ಕೋರ್ಟ್ ಸತ್ತ ಮನುಷ್ಯನನ್ನೇ ತಪ್ಪಿತಸ್ಥ ಎಂದಿತು. 2019ರಲ್ಲಿ ಯುರೋಪಿನ ಮಾನವ ಹಕ್ಕು ನ್ಯಾಯಾಲಯ, ಜೈಲಿನಲ್ಲಿ ಅವರ ಜೀವ ಕಾಪಾಡಲಿಲ್ಲ ಎಂದು ರಷ್ಯಾವನ್ನು ಹೊಣೆ ಮಾಡಿತು. ಆದರೆ ಬಂಧನಕ್ಕೆ ಆಧಾರವೇ ಇರಲಿಲ್ಲ ಎಂಬ ವಾದವನ್ನು ಒಪ್ಪಲಿಲ್ಲ. ಬ್ರೌಡರ್ ಹೇಳುವ ಕಥೆಯಲ್ಲಿ ಈ ಕೊನೆಯ ಸಾಲು ಅಷ್ಟಾಗಿ ಕೇಳಿಸುವುದಿಲ್ಲ.

ಇಲ್ಲಿಂದ ಅಮೆರಿಕಕ್ಕೆ ಬರೋಣ. ಸೆನೆಟರ್‌ಗಳಾದ ಬೆನ್ ಕಾರ್ಡಿನ್, ಜಾನ್ ಮೆಕೇನ್ ಮಸೂದೆ ತಂದರು: ಮ್ಯಾಗ್ನಿಟ್ಸ್ಕಿ ಸಾವಿಗೆ ಹೊಣೆಯಾದವರ ಪಟ್ಟಿ ಮಾಡಿ, ಅವರಿಗೆ ವೀಸಾ ಕೊಡಬಾರದು, ಅಮೆರಿಕದಲ್ಲಿರುವ ಅವರ ಹಣ ತಡೆಹಿಡಿಯಬೇಕು. ರಷ್ಯಾ ಜೊತೆ ಸಂಬಂಧ ಸುಧಾರಿಸುವ ಆಸೆಯಲ್ಲಿದ್ದ ಒಬಾಮಾ ಸರ್ಕಾರಕ್ಕೆ ಇದು ಬೇಡವಾಗಿತ್ತು. ದಾರಿ ತೆರೆದದ್ದು ವ್ಯಾಪಾರ. 1974ರ ಜಾಕ್ಸನ್-ವ್ಯಾನಿಕ್ ಕಾನೂನು, ಯಹೂದಿಗಳನ್ನು ದೇಶ ಬಿಡಲು ಬಿಡದ ಸೋವಿಯತ್ ಒಕ್ಕೂಟಕ್ಕೆ ವ್ಯಾಪಾರದಲ್ಲಿ ತಡೆ ಹಾಕಿತ್ತು. 2012ರ ಆಗಸ್ಟ್‌ನಲ್ಲಿ ರಷ್ಯಾ ವಿಶ್ವ ವ್ಯಾಪಾರ ಸಂಸ್ಥೆ ಸೇರಿತು. ಹಳೆ ಕಾನೂನು ತೆಗೆಯದಿದ್ದರೆ ಅಮೆರಿಕದ ಕಂಪನಿಗಳಿಗೇ ನಷ್ಟ. ಸಂಸದರು ಚೌಕಾಸಿಗೆ ಕೂತರು: ಅದನ್ನು ತೆಗೆಯುತ್ತೇವೆ, ಇದನ್ನು ಸೇರಿಸಿ. ಡಿಸೆಂಬರ್ 14ರಂದು ಒಬಾಮಾ ಸಹಿ ಹಾಕಿದರು. ಎರಡೇ ವಾರದಲ್ಲಿ ಪುಟಿನ್ ತಿರುಗೇಟು ಕೊಟ್ಟರು. ಅಮೆರಿಕನ್ನರು ರಷ್ಯಾದ ಮಕ್ಕಳನ್ನು ದತ್ತು ಪಡೆಯುವಂತಿಲ್ಲ ಎಂದು ಕಾನೂನಾಯಿತು. ಅಧಿಕಾರಿಗಳ ಬ್ಯಾಂಕ್ ಖಾತೆಗೆ ಅನಾಥ ಮಕ್ಕಳು ಬೆಲೆ ತೆತ್ತರು.

ಆದರೂ ಹೊಸ ವಿಚಾರ ಗಟ್ಟಿಯಾಗಿಯೇ ಇತ್ತು. 1990ರಿಂದ ಇರಾಕ್ ಮೇಲೆ ಹಾಕಿದ ನಿರ್ಬಂಧಗಳಲ್ಲಿ ಜನ ಔಷಧಿಗೂ ಪರದಾಡಿದರು, ಸದ್ದಾಂ ಹುಸೇನ್ ಮಾತ್ರ ಅರಮನೆಯಲ್ಲೇ ಇದ್ದರು. ಇಡೀ ದೇಶದ ಹೊಟ್ಟೆ ಮೇಲೆ ಹೊಡೆಯುವ ಬದಲು ತಪ್ಪು ಮಾಡಿದವನನ್ನೇ ಹಿಡಿಯೋಣ ಎಂಬುದು ಇದರ ತಿರುಳು. 2016ರ ಡಿಸೆಂಬರ್‌ನಲ್ಲಿ ಅಮೆರಿಕ ಇದನ್ನು ಇಡೀ ಜಗತ್ತಿಗೆ ಅನ್ವಯಿಸಿತು, ಭ್ರಷ್ಟಾಚಾರವನ್ನೂ ಸೇರಿಸಿತು. ಮುಂದೆ ಕೆನಡಾ, ಬ್ರಿಟನ್, ಐರೋಪ್ಯ ಒಕ್ಕೂಟ, ಆಸ್ಟ್ರೇಲಿಯಾ ತಮ್ಮ ತಮ್ಮ ಪಟ್ಟಿ ಮಾಡಿಕೊಂಡವು.

ಪಟ್ಟಿಗೆ ಸೇರಿದರೆ ಆಗುವುದೇನು? ವೀಸಾ ಇಲ್ಲ. ಆ ದೇಶದಲ್ಲಿರುವ ಹಣ, ಆಸ್ತಿ ಅಲ್ಲೇ ಸ್ತಂಭನ. ಜಪ್ತಿಯಲ್ಲ, ಮುಟ್ಟುವ ಹಾಗಿಲ್ಲ ಅಷ್ಟೇ. ನಿಜವಾದ ಪೆಟ್ಟು ಡಾಲರ್‌ನದ್ದು. ಯಾವ ದೇಶದ ಬ್ಯಾಂಕೇ ಆಗಲಿ, ಡಾಲರ್ ವಹಿವಾಟು ಬೇಕೆಂದರೆ ನ್ಯೂಯಾರ್ಕಿನ ಬ್ಯಾಂಕುಗಳ ಜೊತೆ ಚೆನ್ನಾಗಿರಬೇಕು. ಹಾಗಾಗಿ ಅಮೆರಿಕ ಪಟ್ಟಿಗೆ ಹಾಕಿದವನನ್ನು ದುಬೈ, ಸಿಂಗಪುರದ ಬ್ಯಾಂಕುಗಳೂ ಸುಮ್ನೆ ದೂರ ಇಡುತ್ತವೆ. ವಿಶ್ವಸಂಸ್ಥೆಯ ನಿರ್ಬಂಧ ಬಿಟ್ಟು ಬೇರೆಯವರದ್ದನ್ನು ಭಾರತ ಒಪ್ಪುವುದಿಲ್ಲ. ಆದರೂ ವಿದೇಶಿ ಹಣ ಕಳಿಸುವಾಗ ನಮ್ಮ ಬ್ಯಾಂಕುಗಳೂ ಆ ಪಟ್ಟಿ ನೋಡುತ್ತವೆ.

ಪಟ್ಟಿಯಲ್ಲಿ ಭಾರತ ಮೂಲದವರೂ ಇದ್ದಾರೆ. ಉತ್ತರ ಪ್ರದೇಶದ ಸಹಾರನಪುರದಿಂದ ದಕ್ಷಿಣ ಆಫ್ರಿಕಾಕ್ಕೆ ಹೋಗಿ, ಆಗಿನ ಅಧ್ಯಕ್ಷ ಜೇಕಬ್ ಜುಮಾ ಅವರ ಆಪ್ತರಾದ ಗುಪ್ತಾ ಸೋದರರು. 2019ರಲ್ಲಿ ಅಮೆರಿಕ, 2021ರಲ್ಲಿ ಬ್ರಿಟನ್ ಭ್ರಷ್ಟಾಚಾರದ ಆರೋಪದ ಮೇಲೆ ಅವರ ಹೆಸರು ಸೇರಿಸಿದವು. ಅವರು ಆರೋಪ ಅಲ್ಲಗಳೆಯುತ್ತಾರೆ. ಇಬ್ಬರು ಯುಎಇಯಲ್ಲಿ ಸಿಕ್ಕಿಬಿದ್ದರೂ 2023ರಲ್ಲಿ ಅಲ್ಲಿನ ಕೋರ್ಟ್ ಹಸ್ತಾಂತರಕ್ಕೆ ಒಪ್ಪಲಿಲ್ಲ.

ಕೆಲಸ ಮಾಡಿದ ಉದಾಹರಣೆಯೂ ಇದೆ. 2021ರ ಡಿಸೆಂಬರ್‌ನಲ್ಲಿ ಬಾಂಗ್ಲಾದೇಶದ ಆರ್‌ಎಬಿ ಎಂಬ ವಿಶೇಷ ಪೊಲೀಸ್ ಪಡೆ ಮತ್ತು ಅದರ ಅಧಿಕಾರಿಗಳ ಮೇಲೆ ನಿರ್ಬಂಧ ಬಿತ್ತು. 'ಕ್ರಾಸ್‌ಫೈರ್' ಹೆಸರಿನ, ಅಂದರೆ ಗುಂಡಿನ ಚಕಮಕಿ ಎಂದು ತೋರಿಸುವ ಸಾವುಗಳು ಕೂಡಲೇ ಇಳಿದವು.

ತೊಡಕಿರುವುದು ಹೆಸರು ಬರೆಯುವ ಪೆನ್ನು ಯಾರ ಕೈಯಲ್ಲಿದೆ ಎಂಬುದರಲ್ಲಿ. ಇಲ್ಲಿ ಜಡ್ಜ್ ಇಲ್ಲ, ಮೊದಲೇ ವಾದ ಕೇಳುವವರೂ ಇಲ್ಲ. ಸರ್ಕಾರದ ತೀರ್ಮಾನವೇ ಜಾಸ್ತಿ. ಸೌದಿ ಪತ್ರಕರ್ತ ಖಶೋಗಿ ಕೊಲೆಗೆ 2018ರಲ್ಲಿ 17 ಸೌದಿಗಳು ಪಟ್ಟಿಗೆ ಸೇರಿದರು, ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್ ಸೇರಲಿಲ್ಲ. ಅದೇ ವರ್ಷ ಟರ್ಕಿಯಲ್ಲಿ ಅಮೆರಿಕದ ಪಾದ್ರಿ ಬ್ರನ್ಸನ್ ಬಂಧನಕ್ಕೆ ಸಿಟ್ಟಾಗಿ ಟರ್ಕಿಯ ಇಬ್ಬರು ಮಂತ್ರಿಗಳನ್ನು ಸೇರಿಸಿ, ಪಾದ್ರಿ ಬಿಡುಗಡೆಯಾದ ಮೇಲೆ ತೆಗೆದರು.

2025ರ ಜುಲೈನಲ್ಲಿ ಟ್ರಂಪ್ ಸರ್ಕಾರ ಬ್ರೆಜಿಲ್ ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿ ಅಲೆಷಾಂಡ್ರೆ ದೆ ಮೊರಾಯಿಸ್ ಅವರನ್ನೇ ಪಟ್ಟಿಗೆ ಹಾಕಿತು. ಅವರು ಟ್ರಂಪ್ ಮಿತ್ರ, ಬ್ರೆಜಿಲ್‌ನ ಮಾಜಿ ಅಧ್ಯಕ್ಷ ಬೊಲ್ಸೊನಾರೊ ವಿರುದ್ಧದ ದಂಗೆ ಮೊಕದ್ದಮೆ ನೋಡುತ್ತಿದ್ದರು. ಸೆಪ್ಟೆಂಬರ್‌ನಲ್ಲಿ ಕೋರ್ಟ್ ಬೊಲ್ಸೊನಾರೊಗೆ 27 ವರ್ಷ ಶಿಕ್ಷೆ ಕೊಟ್ಟಿತು. ಡಿಸೆಂಬರ್‌ನಲ್ಲಿ ನ್ಯಾಯಮೂರ್ತಿಯ ಹೆಸರು ಪಟ್ಟಿಯಿಂದ ಹೋಯಿತು. ಈ ಕಾನೂನು ಇಂಥದ್ದಕ್ಕಲ್ಲ ಎಂದು ಬಹಿರಂಗವಾಗಿ ಆಕ್ಷೇಪಿಸಿದವರಲ್ಲಿ ಬ್ರೌಡರ್ ಕೂಡ ಇದ್ದರು.