ಮ್ಯಾನ್ಯುಯಲ್‌ಗೆ ಬೀಗ ಹಾಕಿ ಏನು ಉಳಿಸಿದಿರಿ?

ಮಧ್ಯರಾತ್ರಿ ಸಾಫ್ಟ್‌ವೇರ್ ಕೈಕೊಡುತ್ತದೆ. ಪರದೆ ಮೇಲೆ ಒಂದು ಎರರ್ ನಂಬರ್. ಗೂಗಲ್‌ಗೆ ಹಾಕಿದರೆ ತಯಾರಕರ ಪುಟವೇ ಮೊದಲು ಸಿಗುತ್ತದೆ. ಕ್ಲಿಕ್ ಮಾಡಿದರೆ ಲಾಗಿನ್ ಆಗಿ, ಗ್ರಾಹಕ ಸಂಖ್ಯೆ ಕೊಡಿ ಅನ್ನುತ್ತದೆ. ಆ ಸಂಖ್ಯೆ ಇರುವುದು ಪರ್ಚೇಸ್ ವಿಭಾಗದ ಯಾರದೋ ಮೇಲ್‌ನಲ್ಲಿ. ಅವರು ಮಲಗಿದ್ದಾರೆ. ಬೆಂಗಳೂರಿನ ಯಾವ ಟೆಕ್ ಪಾರ್ಕಿನಲ್ಲಿ ನೈಟ್ ಶಿಫ್ಟ್ ಮಾಡಿದವರನ್ನು ಕೇಳಿದರೂ ಇಂಥ ಒಂದು ಕಥೆ ಹೇಳುತ್ತಾರೆ.

ಮ್ಯಾನ್ಯುಯಲ್‌ಗೆ ಯಾಕೆ ಹೀಗೆ ಬೀಗ ಅಂದರೆ ಸೇಲ್ಸ್‌ನವರು ಪೈಪೋಟಿಯವರು ನಕಲು ಹೊಡೆಯುತ್ತಾರೆ ಅನ್ನುತ್ತಾರೆ. ಸೆಕ್ಯುರಿಟಿಯವರು ಹ್ಯಾಕರ್‌ಗಳ ಕಡೆ ಬೆರಳು ತೋರಿಸುತ್ತಾರೆ. ಸಪೋರ್ಟ್ ಕಾಂಟ್ರಾಕ್ಟ್ ಮಾರಾಟ ಆಗಬೇಕಲ್ಲ ಅನ್ನುವ ಕಾರಣವನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದು ವ್ಯಾಪಾರ, ಅದಕ್ಕೆ ನನ್ನ ತಕರಾರು ಕಡಿಮೆ. ಲಿನಕ್ಸ್ ತಂತ್ರಾಂಶ ಮಾರುವ ರೆಡ್ ಹ್ಯಾಟ್ ಕಂಪನಿ ಎಷ್ಟೋ ಪರಿಹಾರಗಳನ್ನು ಚಂದಾದಾರರಿಗೆ ಮಾತ್ರ ಕೊಡುತ್ತದೆ, ಆದರೆ ಮುಖ್ಯ ಕೈಪಿಡಿಗಳು ಎಲ್ಲರಿಗೂ ತೆರೆದೇ ಇವೆ. ಒಪ್ಪಬಹುದು. ಮೊದಲ ಎರಡು ಕಾರಣಗಳು ಮಾತ್ರ ಬಹುಪಾಲು ಮೂಢನಂಬಿಕೆ. ಆಯುಧಪೂಜೆ ದಿನ ಸರ್ವರ್‌ಗೆ ಕುಂಕುಮ ಹಚ್ಚಿದರೆ ಯಾರ ಗಂಟೂ ಹೋಗುವುದಿಲ್ಲ. ಮುಚ್ಚಿಟ್ಟರೆ ಭದ್ರ ಅನ್ನುವ ನಂಬಿಕೆಯಿಂದ ಹೋಗುತ್ತದೆ.

ಮುಚ್ಚಿಡಲು ಯಾಕೆ ಆಗುವುದಿಲ್ಲ ಅನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಸಾಂಬಾ, ಯೂನಿಕ್ಸ್ ಯಂತ್ರದ ಫೈಲುಗಳನ್ನು ವಿಂಡೋಸ್ ಪಿಸಿಯಲ್ಲಿ ತೆರೆಯಲು ಬಿಡುವ ತಂತ್ರಾಂಶ. 1991ರ ಕೊನೆಯ ಹೊತ್ತಿಗೆ ಕ್ಯಾನ್‌ಬೆರಾದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಆಂಡ್ರ್ಯೂ ಟ್ರಿಡ್ಜೆಲ್‌ಗೆ ತನ್ನ ಪಿಸಿಯಿಂದ ಯೂನಿಕ್ಸ್ ಯಂತ್ರದ ಫೈಲುಗಳನ್ನು ತೆರೆಯಬೇಕಿತ್ತು. ಎರಡೂ ಯಂತ್ರಗಳು ಯಾವ ಭಾಷೆಯಲ್ಲಿ ಮಾತಾಡುತ್ತವೆ ಅನ್ನುವ ದಾಖಲೆ ಅವನ ಕೈಲಿರಲಿಲ್ಲ. ನೆಟ್‌ವರ್ಕ್ ತಂತಿಯಲ್ಲಿ ಹೋಗುವ ಮಾಹಿತಿಯ ತುಣುಕುಗಳನ್ನೇ, ಅಂದರೆ ಪ್ಯಾಕೆಟ್‌ಗಳನ್ನೇ, ನೋಡುತ್ತಾ ಕೂತ. ಈ ವಿಧಾನಕ್ಕೆ ಮುಂದೆ ಅವನೇ ಫ್ರೆಂಚ್ ಕೆಫೆ ಅಂತ ಹೆಸರಿಟ್ಟ. ಪುಸ್ತಕವಿಲ್ಲದೆ ಫ್ರೆಂಚ್ ಕಲಿಯಬೇಕಾದರೆ ಕೆಫೆಯಲ್ಲಿ ಕೂತು ಕಿವಿಗೊಟ್ಟರೆ ಸಾಕು ಅಂತ.

ಅದನ್ನು ನಮ್ಮ ಗಾಂಧಿಬಜಾರಿಗೆ ತರೋಣ. ಕನ್ನಡ ಬಾರದವನೊಬ್ಬ ದರ್ಶಿನಿಯ ಕೌಂಟರ್ ಪಕ್ಕ ನಿಂತಿದ್ದಾನೆ. ಯಾರೋ 'ಒಂದು ಬೈ-ಟು ಕಾಫಿ' ಅಂದರು, ಎರಡು ಲೋಟದಲ್ಲಿ ಅರ್ಧರ್ಧ ಕಾಫಿ ಬಂತು. ನಾಲ್ಕು ಸಲ ನೋಡಿದ ಮೇಲೆ ಅವನೂ ಹಾಗೇ ಹೇಳಿ ನೋಡುತ್ತಾನೆ, ಕಾಫಿ ಬರುತ್ತದೆ. ಇಷ್ಟು ಎಲ್ಲರಿಗೂ ಹೊಳೆಯುವುದೇ. ಮಜಾ ಇರುವುದು ಮುಂದೆ. ಅವನು ಬಾಯಿಗೆ ಬಂದ ಒಂದು ಶಬ್ದ ಹೇಳುತ್ತಾನೆ. ಕೌಂಟರಿನವರು 'ಏನ್ ಸಾರ್?' ಅನ್ನುತ್ತಾರೆ. ಆಮೇಲೆ 'ಬೈ-ಟು ಇಡ್ಲಿ' ಅಂತ ಕೇಳುತ್ತಾನೆ. ಈ ಸಲ 'ಹಾಗೆಲ್ಲ ಕೊಡಲ್ಲ ಸಾರ್' ಅಂತ ಉತ್ತರ. ಎರಡರಲ್ಲೂ ತಿಂಡಿ ಸಿಗಲಿಲ್ಲ ನಿಜ. ಆದರೆ ಎರಡನೇ ಉತ್ತರದಿಂದ ಇಡ್ಲಿ ಅನ್ನುವ ಪದಾರ್ಥ ಇಲ್ಲಿದೆ, ಕೇಳಿದ ರೀತಿ ಮಾತ್ರ ಸರಿಯಿಲ್ಲ ಅಂತ ಗೊತ್ತಾಯಿತು.

ಸರ್ವರ್ ಕೂಡ ಇದೇ ಥರ ಗುಟ್ಟು ಬಿಟ್ಟುಕೊಡುತ್ತದೆ. ಆ ಕಾಲದ ಪ್ಯಾಕೆಟ್‌ನ ತಲೆಯಲ್ಲಿ ಒಂದು ಗುರುತಿನ ಬೈಟ್, ಅದರ ಬೆನ್ನಿಗೆ ಎಸ್, ಎಂ, ಬಿ ಅನ್ನುವ ಮೂರು ಅಕ್ಷರ (ಯಂತ್ರಗಳು ಫೈಲು ಹಂಚಿಕೊಳ್ಳುವ ಆ ಭಾಷೆಯ ಹೆಸರು), ಆಮೇಲೆ ಒಂದೇ ಬೈಟ್‌ನಲ್ಲಿ ಆಜ್ಞೆಯ ಸಂಖ್ಯೆ. ಒಂದು ಬೈಟ್ ಅಂದರೆ ಇರಬಹುದಾದ ಆಜ್ಞೆಗಳು 256. ಕಂಪ್ಯೂಟರಿಗೆ ಇದು ಚಿಟಿಕೆ ಹೊಡೆಯುವಷ್ಟರ ಕೆಲಸ. ಪ್ರತಿಯೊಂದು ಸಂಖ್ಯೆಯನ್ನೂ ಸುಮ್ನೆ ಕಳಿಸಿ ನೋಡಬಹುದು. 'ಇಂಥ ಆಜ್ಞೆ ಇಲ್ಲ' ಅಂದರೆ ಬಿಟ್ಟುಬಿಡಿ. 'ಆಜ್ಞೆ ಸರಿ, ಜೊತೆಗೆ ಕೊಟ್ಟ ವಿವರ ತಪ್ಪು' ಅಂದರೆ ಅಲ್ಲೇ ಅಗೆಯಿರಿ. ಟ್ರಿಡ್ಜೆಲ್ ತಂಡ ಇಂಥ ಹುಡುಕಾಟವನ್ನು ಪ್ರೋಗ್ರಾಮ್‌ಗೇ ವಹಿಸಿತು. ಗ್ರಾಹಕರಿಗೆ ಉಪಯೋಗವಾಗಲಿ ಅಂತ ಎರರ್ ಸಂದೇಶವನ್ನು ಎಷ್ಟು ಸ್ಪಷ್ಟ ಮಾಡುತ್ತೀರೋ ಕೇಳುವವನಿಗೂ ಅಷ್ಟೇ ಅನುಕೂಲ. ಯಂತ್ರ ಕೆಲಸ ಮಾಡಬೇಕಾದರೆ ಮಾತಾಡಲೇಬೇಕು. ಅದರ ಬಾಯಿ ಕಟ್ಟಿ ಮಾರುವುದು ಹೇಗೆ?

ಅಂದಹಾಗೆ ಸಾಂಬಾ ಅನ್ನುವ ಹೆಸರಿಗೂ ನೃತ್ಯಕ್ಕೂ ಸಂಬಂಧವಿಲ್ಲ. ಎಸ್, ಎಂ, ಬಿ ಇದೇ ಕ್ರಮದಲ್ಲಿ ಬರುವ ಪದ ಹುಡುಕು ಅಂತ ಕಂಪ್ಯೂಟರಿನ ನಿಘಂಟಿಗೆ ಆಜ್ಞೆ ಕೊಟ್ಟಾಗ ಸಿಕ್ಕಿದ್ದು. ತನ್ನ ವಿಂಡೋಸ್‌ನಲ್ಲಿ ಇದೇ ಭಾಷೆ ಬಳಸಿದ ಮೈಕ್ರೋಸಾಫ್ಟ್‌ನ ಕಥೆ ಬೇರೆಯೇ ಆಯಿತು. ಈ ಥರದ ಮಾಹಿತಿ ಮುಚ್ಚಿಟ್ಟಿದ್ದಕ್ಕೂ ಸೇರಿ ಐರೋಪ್ಯ ಒಕ್ಕೂಟ 2004ರಲ್ಲಿ 49.7 ಕೋಟಿ ಯೂರೋ ದಂಡ ಹಾಕಿತು. 2008ರ ಫೆಬ್ರುವರಿಯಲ್ಲಿ ಕಂಪನಿ 30,000ಕ್ಕೂ ಜಾಸ್ತಿ ಪುಟಗಳ ದಾಖಲೆಯನ್ನು ಎಲ್ಲರಿಗೂ ತೆರೆದಿಟ್ಟಿತು. ಅಷ್ಟು ಹೊತ್ತಿಗೆ ಸಾಂಬಾಗೆ ಹದಿನಾರು ವರ್ಷ ತುಂಬಿತ್ತು.

ಹಾಗಾದರೆ ಹ್ಯಾಕರ್? ಯಂತ್ರ ಶತ್ರುವಿನ ಕೈಗೆ ಸಿಕ್ಕರೂ ತೊಂದರೆ ಆಗಬಾರದು, ಗುಟ್ಟು ಕೀಲಿಯಲ್ಲಿ ಮಾತ್ರ ಇರಬೇಕು ಅಂತ ಗೂಢಲಿಪಿ ಪಂಡಿತ ಆಗಸ್ಟ್ ಕೆರ್ಕ್‌ಹಾಫ್ಸ್ 1883ರಲ್ಲೇ ಬರೆದಿದ್ದ. ಮೈಫೇರ್ ಕ್ಲಾಸಿಕ್ ಕಾರ್ಡ್ ಮಾಡಿದವರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಲಂಡನ್ನಿನ ಆಯಿಸ್ಟರ್ ಟಿಕೆಟ್ಟಿನಲ್ಲೂ ಎಷ್ಟೋ ಆಫೀಸುಗಳ ಬಾಗಿಲಲ್ಲೂ ಇದ್ದ ಕಾರ್ಡ್ ಅದು. ಅದರ ಗೂಢಲಿಪಿ ವಿಧಾನವನ್ನು ಗುಟ್ಟಾಗಿ ಇಟ್ಟಿದ್ದರು. 2007ರಲ್ಲಿ ಸಂಶೋಧಕರು ಚಿಪ್ಪನ್ನು ಪದರ ಪದರವಾಗಿ ಉಜ್ಜಿ, ಮೈಕ್ರೋಸ್ಕೋಪಿನಲ್ಲಿ ಫೋಟೋ ತೆಗೆದು, ಸರ್ಕ್ಯೂಟನ್ನೇ ಓದಿಬಿಟ್ಟರು. ಡಚ್ ವಿಶ್ವವಿದ್ಯಾಲಯವೊಂದರ ಪ್ರಬಂಧ ತಡೆಯಲು ತಯಾರಕರು 2008ರಲ್ಲಿ ಕೋರ್ಟಿಗೆ ಹೋದರು. ಕೋರ್ಟ್ ಒಪ್ಪಲಿಲ್ಲ.

ಡೀಫಾಲ್ಟ್ ಪಾಸ್‌ವರ್ಡ್ ಮ್ಯಾನ್ಯುಯಲ್‌ನಲ್ಲಿ ಇರುತ್ತದಲ್ಲ, ಅದನ್ನಾದರೂ ಮುಚ್ಚಬೇಡವೇ ಅಂತ ಕೇಳುತ್ತಾರೆ. 2016ರಲ್ಲಿ ಮಿರಾಯ್ ಅನ್ನುವ ಕುತಂತ್ರಾಂಶ ಸುಮಾರು 60 ಡೀಫಾಲ್ಟ್ ಹೆಸರು-ಪಾಸ್‌ವರ್ಡ್ ಜೋಡಿ ಹಿಡಿದುಕೊಂಡು ಲಕ್ಷಾಂತರ ಕ್ಯಾಮೆರಾ, ರೌಟರ್‌ಗಳನ್ನು ವಶಮಾಡಿಕೊಂಡಿತು. ಅವುಗಳಲ್ಲಿ ಕೆಲವು ಯಾರು ಬೇಕಾದರೂ ಊಹಿಸಬಹುದಾದಷ್ಟು ಸಲೀಸು. ಬ್ರಿಟನ್ 2024ರ ಏಪ್ರಿಲ್ 29ರಿಂದ ಜಾರಿಗೆ ತಂದ ಕಾನೂನು ನೋಡಿ. ಮ್ಯಾನ್ಯುಯಲ್ ಬಚ್ಚಿಡಿ ಅಂತ ಅದು ಹೇಳಲಿಲ್ಲ, ಎಲ್ಲ ಸಾಧನಕ್ಕೂ ಒಂದೇ ಪಾಸ್‌ವರ್ಡ್ ಇಡಬೇಡಿ ಅಂದಿತು.

ನಕಲಿನ ಭಯಕ್ಕೆ ಸ್ವಲ್ಪ ಆಧಾರ ಇದೆ. 1981ರಲ್ಲಿ ಐಬಿಎಂ ತನ್ನ ಪಿಸಿಯ ತಾಂತ್ರಿಕ ಕೈಪಿಡಿಯಲ್ಲಿ, ಯಂತ್ರವನ್ನು ಚಾಲೂ ಮಾಡುವ ಮೂಲ ತಂತ್ರಾಂಶವಾದ ಬಯೋಸ್‌ನ ಕೋಡನ್ನೇ ಅಚ್ಚು ಹಾಕಿ ಮಾರಿತು. ಮರುವರ್ಷವೇ ಕಾಂಪ್ಯಾಕ್ ಕಂಪನಿ ಅದಕ್ಕೆ ಸರಿಸಾಟಿ ಯಂತ್ರ ಘೋಷಿಸಿತು. ಆದರೆ ಕಾಪಿರೈಟ್ ಇದ್ದ ಆ ಕೋಡನ್ನು ನಕಲು ಮಾಡುವಂತಿರಲಿಲ್ಲ. ಹಾಗಾಗಿ ಅದನ್ನು ಓದಿರದ ಎಂಜಿನಿಯರುಗಳನ್ನು ಹುಡುಕಿ ಬಯೋಸನ್ನು ಹೊಸದಾಗಿ ಬರೆಸಬೇಕಾಯಿತು. 1987ರಲ್ಲಿ ಐಬಿಎಂ ದಾರಿ ಬದಲಿಸಿ, ಪಿಸಿಯೊಳಗೆ ಹೆಚ್ಚುವರಿ ಕಾರ್ಡ್ ಜೋಡಿಸುವ ತನ್ನ ಹೊಸ ವ್ಯವಸ್ಥೆ ಮೈಕ್ರೋ ಚಾನೆಲ್‌ಗೆ ಪರವಾನಗಿ ಶುಲ್ಕ ಕೇಳಿದಾಗ ಪೈಪೋಟಿಯವರು ಸೇರಿ ಮರುವರ್ಷ ಬೇರೆ ಮಾನಕ ಘೋಷಿಸಿದರು. ಮೈಕ್ರೋ ಚಾನೆಲ್ ಮೂಲೆಗುಂಪಾಯಿತು.

ಕನ್ನಡದವರಿಗೆ ಇಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಕೆ.ಪಿ. ರಾವ್ ತಮ್ಮ ಕೀಲಿಮಣೆ ವಿನ್ಯಾಸವನ್ನು ಯಾರು ಬೇಕಾದರೂ ಬಳಸಲಿ ಅಂತ ಬಿಟ್ಟುಕೊಟ್ಟರು. ಇವತ್ತು ನಮ್ಮಲ್ಲಿ ಬಹುತೇಕರ ಬೆರಳು ಓಡುವುದು ಅದರ ಮೇಲೇ. ಫಾಂಟ್‌ಗಳ ಹಣೆಬರಹ ಹಾಗಾಗಲಿಲ್ಲ. ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೇ ಸಂಕೇತ ಪಟ್ಟಿಯಾದ ಯೂನಿಕೋಡ್‌ಗೆ ಮೊದಲು ಒಂದೊಂದು ತಂತ್ರಾಂಶಕ್ಕೂ ಒಂದೊಂದು ಸಂಕೇತ ಪಟ್ಟಿ. ನುಡಿ ಅನ್ನುವ ಕನ್ನಡ ತಂತ್ರಾಂಶದ ಹಳೇ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ 'ಕ' ಇರಬೇಕಾದ ಕಡೆ ಇಂಗ್ಲಿಷಿನ ದೊಡ್ಡ 'ಪಿ', ಪಕ್ಕದಲ್ಲಿ ತಲೆ ಮೇಲೆ ಗೆರೆ ಹೊತ್ತ 'ಎ' ಕಾಣುತ್ತವೆ. ಯೂನಿಕೋಡ್‌ನಲ್ಲಿ 'ಕ'ದ ಸಂಖ್ಯೆ 3221, ಪಟ್ಟಿ ಜಗತ್ತಿಗೇ ತೆರೆದಿದೆ, ಯಾವ ಫೋನಿನಲ್ಲಿ ತೆರೆದರೂ 'ಕ' 'ಕ'ವೇ. ಹಳೇ ಫೈಲುಗಳನ್ನು ಪರಿವರ್ತಿಸುವ ಕೆಲಸ ಇನ್ನೂ ಮುಗಿದಿಲ್ಲ.

ಎಸ್‌ಪಿ ರೋಡಿನ ಮೊಬೈಲ್ ರಿಪೇರಿಯವರ ಹತ್ತಿರ ಹೋಗಿ ನೋಡಿ. ಮೈಕ್ರೋಸ್ಕೋಪ್ ಪಕ್ಕದ ಪರದೆ ಮೇಲೆ ಫೋನಿನ ಬೋರ್ಡಿನ ನಕ್ಷೆ ಇರುತ್ತದೆ, ಕಂಪನಿ ಯಾರಿಗೂ ಕೊಡಲ್ಲ ಅನ್ನುವ ನಕ್ಷೆಯೇ ಎಷ್ಟೋ ಸಲ. ಬೇಕಾದವರಿಗೆ ಹೇಗೋ ಸಿಗುತ್ತದೆ ಅಲ್ವಾ? ಸಿಗದೇ ಇರುವುದು ಹಾಸನದಲ್ಲೋ ತುಮಕೂರಿನಲ್ಲೋ ಎಂಜಿನಿಯರಿಂಗ್ ಓದುತ್ತಿರುವ, ಗ್ರಾಹಕ ಸಂಖ್ಯೆ ಇಲ್ಲದ ಹುಡುಗಿಗೆ. ಇದೇ ಸಾಫ್ಟ್‌ವೇರ್ ಕಂಪನಿಗಳು ನಾಳೆ ಅದೇ ಹುಡುಗಿಯ ಇಂಟರ್‌ವ್ಯೂ ಮಾಡಿ, ನಮ್ಮ ಪ್ರಾಡಕ್ಟ್ ಗೊತ್ತಿರುವವರೇ ಸಿಗಲ್ಲ ಅಂತ ಗೊಣಗುತ್ತವೆ.

ಮುಚ್ಚಿಡಬೇಕಾದ್ದೂ ಇದೆ. ಇನ್ನೂ ಪ್ಯಾಚ್ (ಸರಿಪಡಿಸುವ ತಿದ್ದುಪಡಿ) ಬಾರದ ದೋಷದ ವಿವರ, ಒಬ್ಬ ಗ್ರಾಹಕನ ನೆಟ್‌ವರ್ಕ್ ನಕ್ಷೆ, ಕೀಲಿಗಳು. ಅವು ಮ್ಯಾನ್ಯುಯಲ್‌ನಲ್ಲಿ ಇರಬೇಕಾದವೇ ಅಲ್ಲ. ಬೆಂಗಳೂರಿನಲ್ಲಿ ತಂತ್ರಜ್ಞಾನ ಕೇಂದ್ರ ಇಟ್ಟುಕೊಂಡಿರುವ, ಆಧಾರ್ ನಡೆಸುವ ಸಂಸ್ಥೆ ಯುಐಡಿಎಐ ಆಧಾರ್ ದೃಢೀಕರಣದ ಎಪಿಐ (ಬೇರೆ ತಂತ್ರಾಂಶಗಳು ಅದರ ಜೊತೆ ಮಾತಾಡುವ ರೀತಿ) ವಿವರವನ್ನು ತನ್ನ ಜಾಲತಾಣದಲ್ಲೇ ಪಿಡಿಎಫ್ ಮಾಡಿ ಹಾಕಿದೆ. ಬಳಸಲು ಪರವಾನಗಿ, ಕೀಲಿ ಎಲ್ಲ ಬೇಕು. ಓದಲು ಏನೂ ಬೇಡ. ನಮ್ಮ ಸರ್ಕಾರಿ ಇಲಾಖೆಗಳು ಸಾಫ್ಟ್‌ವೇರ್ ಕೊಳ್ಳುವಾಗ ಟೆಂಡರಿನಲ್ಲಿ ಒಂದು ಸಾಲು ಹಾಕಿದರೆ ಸಾಕು: ಕೈಪಿಡಿ ಲಾಗಿನ್ ಇಲ್ಲದೆ ತೆರೆಯಬೇಕು, ಕಂಪನಿ ಮುಚ್ಚಿದರೂ ಇಲಾಖೆಯ ತಾಣದಲ್ಲಿ ಅದರ ಪ್ರತಿ ಇರಬೇಕು.